ಅನ್ನದ ಅಗುಳಿನಿಂದ ಅಂಟಿಸಿದ ಲಕೋಟೆ

ನಾನು ಅನುಮಾನದ ಪ್ರಾಣಿ ಅಂತ ನನ್ನ ಗಂಡ ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಾನೆ. ಒಪ್ಪುತ್ತೇನೆ. ಬೆಂಗಳೂರಿನ ಐಸಿಯು ಒಂದರಲ್ಲಿ ಎಂಟು ವರ್ಷ ಸ್ಟಾಫ್ ನರ್ಸ್ ಆಗಿದ್ದವಳಿಗೆ ಬೇರೆ ಯಾವ ಗುಣ ಬರಲು ಸಾಧ್ಯ? ಔಷಧಿಯ ಹೆಸರನ್ನು ಮೂರು ಸಲ ಓದಬೇಕು. ರೋಗಿಯ ಹೆಸರನ್ನು ನಾವು ಹೇಳಬಾರದು, ಅವರ ಬಾಯಿಂದಲೇ ಹೇಳಿಸಬೇಕು. ಹಿಂದಿನ ಪಾಳಿಯವರು ಎಲ್ಲ ಸರಿಯಾಗಿದೆ ಎಂದು ಹೇಳಿ ಹೊರಟರೆ, ಎಲ್ಲೋ ಏನೋ ಎಡವಟ್ಟಾಗಿದೆ ಎಂದುಕೊಂಡೇ ಕೆಲಸ ಶುರುಮಾಡಬೇಕು. ಹೀಗೆ ಅನುಮಾನಪಟ್ಟು ಒಂದೆರಡು ಜೀವ ಉಳಿಸಿದ್ದೇನೆ. ಅದೇ ಅನುಮಾನದಿಂದ ಸ್ವೀಡನ್ನಿನಲ್ಲಿ ಮಾಡಿಕೊಂಡ ಭಾನಗಡಿಯನ್ನು ಇಲ್ಲಿಯವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಗಂಡನಿಗೆ ಯೋನ್‌ಶೋಪಿಂಗ್‌ನಲ್ಲಿ ಯಂತ್ರ ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿ ನಾವಿಬ್ಬರೂ ಇಲ್ಲಿಗೆ ಬಂದೆವು. ನನ್ನ ನರ್ಸಿಂಗ್ ಪದವಿಯನ್ನು ಇಲ್ಲಿ ಹಾಗೇ ತೋರಿಸಿ ಕೆಲಸಕ್ಕೆ ಸೇರುವಂತಿಲ್ಲ. ಸ್ವೀಡಿಷ್ ಭಾಷೆ ಕಲಿಯಬೇಕು, ಪರೀಕ್ಷೆ ಬರೆಯಬೇಕು, ಆಸ್ಪತ್ರೆಯಲ್ಲಿ ಕೆಲವು ತಿಂಗಳು ತರಬೇತಿ ಮಾಡಬೇಕು, ಆಮೇಲೆ ಲೈಸೆನ್ಸ್. ಅಲ್ಲಿಯವರೆಗೆ ಊರಿನ ಒಂದು ವೃದ್ಧರ ಮನೆಯಲ್ಲಿ ಸಹಾಯಕಿಯಾಗಿ ಸೇರಿಕೊಂಡೆ. ಮುದುಕರಿಗೆ ಸ್ನಾನ ಮಾಡಿಸುವುದು, ತಿನ್ನಿಸುವುದು, ಬಟ್ಟೆ ಬದಲಿಸುವುದು. ವೆಂಟಿಲೇಟರ್ ನೋಡಿಕೊಂಡಿದ್ದ ಕೈಗೆ ಇದು ಕಷ್ಟದ ಕೆಲಸವೇನಲ್ಲ. ಕಷ್ಟವೆಂದರೆ ಫೋನಿನದು. ಯಾರೋ ಹುಷಾರಿಲ್ಲ ಅಂತ ರಜೆ ಹಾಕಿದರೆ ಬೆಳಿಗ್ಗೆ ಆರಕ್ಕೆ ಫೋನ್ ಬರುತ್ತಿತ್ತು, ಯಾರೂ ರಜೆ ಹಾಕದಿದ್ದರೆ ಇಡೀ ವಾರ ಬರುತ್ತಿರಲಿಲ್ಲ. ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದ ಸ್ಥಿತಿಯಲ್ಲಿ ಒಂದು ವರ್ಷ ಕಳೆದೆ.

ಒಂದು ಅಕ್ಟೋಬರಿನಲ್ಲಿ ನಮ್ಮ ಬಾಸ್ ನನ್ನನ್ನು ತನ್ನ ಕೋಣೆಗೆ ಕರೆದಳು. ಐವತ್ತು ದಾಟಿದ, ಗಿಡ್ಡ ಕೂದಲಿನ, ಗಟ್ಟಿಯಾಗಿ ನಗುವ ಹೆಂಗಸು. ಈ ದೇಶದಲ್ಲಿ ಎಲ್ಲರೂ ಎಲ್ಲರಿಗೂ ಏಕವಚನವೇ, ಬಾಸಿಗೂ. ಒಂದು ಕಾಯಂ ಹುದ್ದೆ ಖಾಲಿಯಾಗುತ್ತಿದೆ, ನಿನಗೆ ಕೊಡಬೇಕೆಂದಿದ್ದೇನೆ ಎಂದಳು. ತರಬೇತಿಗೆ ಹೋಗುವಾಗ ರಜೆ ಕೊಡುತ್ತೇನೆ, ಲೈಸೆನ್ಸ್ ಬಂದ ಮೇಲೆ ಇಲ್ಲೇ ನರ್ಸ್ ಆಗಿ ಮುಂದುವರಿಯಬಹುದು ಎಂದಳು. ನನಗೆ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಅವಳು ಹೇಳಿದಳು:

"ಒಂದು ಫಾರ್ಮಾಲಿಟಿ ಇದೆ. ಈ ಫಾರಂ ತುಂಬಿ ಕಳಿಸಿ, ಪೊಲೀಸರಿಂದ ನಿನ್ನ ಅಪರಾಧ ದಾಖಲೆಯ ಕಾಗದ ತರಿಸಿಕೊಂಡು ಬಾ. ನಿನ್ನ ಮನೆಗೇ ಅಂಚೆಯಲ್ಲಿ ಬರುತ್ತದೆ. ಲಕೋಟೆ ಒಡೆಯಬೇಡ, ಹಾಗೇ ತಂದುಕೊಡು. ನಾನೇ ಒಡೆಯಬೇಕು."

ಕಣ್ಣಿನ ನೀರು ಅಲ್ಲೇ ನಿಂತಿತು. ಯಾಕೆಂದರೆ ನನ್ನ ಮೇಲೆ ಒಂದು ಅಪರಾಧ ದಾಖಲಾಗಿತ್ತು.

ಅದರ ಹಿಂದಿನ ವರ್ಷ ಯುಗಾದಿ ಕಾರ್ಯಕ್ರಮಕ್ಕೆ ಶೋವ್ಡೆಗೆ ಹೋಗಿದ್ದೆವು. ಸುತ್ತಮುತ್ತಲ ಊರುಗಳ ಕನ್ನಡದವರೆಲ್ಲ ಒಂದು ಶಾಲೆಯ ಹಾಲ್ ಬಾಡಿಗೆಗೆ ತೆಗೆದುಕೊಂಡು ಹೋಳಿಗೆ ಊಟ ಮಾಡಿದ್ದರು. ನನ್ನ ಗಂಡ ಆರು ಹೋಳಿಗೆ ಇಳಿಸಿ, ಕಾರಿನ ಹತ್ತಿರ ಬರುವಷ್ಟರಲ್ಲಿ ಆಕಳಿಸುತ್ತಿದ್ದ. ಸ್ಟೀರಿಂಗ್ ಹಿಡಿದು ನಿದ್ದೆ ಮಾಡುವವನ ಪಕ್ಕ ಕೂರುವುದಕ್ಕಿಂತ ನಾನೇ ಓಡಿಸುವುದು ವಾಸಿ ಅನಿಸಿತು. ನನ್ನ ಹತ್ತಿರ ಕರ್ನಾಟಕದ ಲೈಸೆನ್ಸ್ ಇತ್ತು. ಅದು ಇಲ್ಲಿ ಒಂದು ವರ್ಷ ನಡೆಯುತ್ತದೆ. ನಾವು ಬಂದು ಒಂದೂಮುಕ್ಕಾಲು ವರ್ಷವಾಗಿತ್ತು. ಆದರೆ ನಮ್ಮ ಗುಂಪಿನಲ್ಲಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಒಬ್ಬ ಮಹಾಶಯನಿದ್ದ. ಯಾವ ವಿಷಯ ಕೇಳಿದರೂ ಅವನ ಹತ್ತಿರ ಉತ್ತರ ತಯಾರಿರುತ್ತಿತ್ತು. ಇಂಡಿಯಾಗೆ ಹೋಗಿಬಂದಾಗಲೆಲ್ಲ ಆ ಒಂದು ವರ್ಷ ಹೊಸದಾಗಿ ಶುರುವಾಗುತ್ತದೆ, ಪಾಸ್‌ಪೋರ್ಟಿನ ಮೇಲೆ ಬಿದ್ದ ಕೊನೆಯ ಸೀಲಿನಿಂದ ಲೆಕ್ಕ ಅಂತ ಅವನೇ ವಾಟ್ಸಾಪಿನಲ್ಲಿ ಉದ್ದಕ್ಕೆ ಬರೆದಿದ್ದ. ಕೆಳಗೆ ಇಪ್ಪತ್ತು ಜನ ಹೆಬ್ಬೆರಳು ಒತ್ತಿದ್ದರು. ನಮ್ಮಲ್ಲಿ ಅರ್ಧ ಜನ ಅದನ್ನೇ ನಂಬಿ ಕಾರು ಓಡಿಸುತ್ತಿದ್ದರು. ನಾನು ಜನವರಿಯಲ್ಲಿ ಬೆಂಗಳೂರಿಗೆ ಹೋಗಿಬಂದಿದ್ದೆ.

ವೆಟ್ಟರ್ನ್ ಸರೋವರದ ಬದಿಯ ರಸ್ತೆಯಲ್ಲಿ ಪೊಲೀಸರು ಎಲ್ಲರನ್ನೂ ನಿಲ್ಲಿಸಿ ಕೊಳವೆ ಊದಿಸುತ್ತಿದ್ದರು. ನಾನು ಹುರುಪಿನಿಂದ ಊದಿದೆ. ಕುಡಿದಿದ್ದರೆ ತಾನೆ ಭಯ? ಲೈಸೆನ್ಸ್ ಕೇಳಿದಾಗ ಅದರ ಜೊತೆಗೆ ಪಾಸ್‌ಪೋರ್ಟನ್ನೂ ತೆಗೆದು, ಜನವರಿಯ ಸೀಲ್ ಇರುವ ಹಾಳೆ ಬಿಡಿಸಿ ಕೊಟ್ಟೆ. ಪೊಲೀಸಿನವಳು ಸೀಲನ್ನು ನೋಡಿದಳು, ನನ್ನನ್ನು ನೋಡಿದಳು. ನೀನು ಈ ದೇಶದ ನಿವಾಸಿಯಾಗಿ ದಾಖಲಾದ ದಿನದಿಂದ ಲೆಕ್ಕ, ಸೀಲಿಗೂ ಇದಕ್ಕೂ ಸಂಬಂಧವಿಲ್ಲ ಎಂದು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದಳು. ಪಕ್ಕದ ಸೀಟಿನಲ್ಲಿ ನನ್ನ ಗಂಡನಿಗೆ ಆಗ ಪೂರ್ತಿ ಎಚ್ಚರವಾಯಿತು.

ಕೆಲವು ವಾರಗಳ ಮೇಲೆ ಮನೆಗೆ ಒಂದು ಕಾಗದ ಬಂತು. ನನ್ನ ಸ್ವೀಡಿಷ್ ಆಗ ಅಷ್ಟಕ್ಕಷ್ಟೆ.

"ಸೈನ್ ಮಾಡು, ಪೇ ಮಾಡು, ಮುಗೀತು. ಟ್ರಾಫಿಕ್ ಚಲನ್ ಥರಾನೇ ಇದು," ಎಂದ ಗಂಡ.

ಸೈನ್ ಮಾಡಿದೆ. ಔಷಧಿಯ ಸೀಸೆಯನ್ನು ಮೂರು ಸಲ ಓದುವವಳು ಆ ಕಾಗದವನ್ನು ಒಂದು ಸಲವೂ ಸರಿಯಾಗಿ ಓದಲಿಲ್ಲ. ಆರು ತಿಂಗಳಾದ ಮೇಲೆ ಭಾಷೆಯ ಕ್ಲಾಸಿನಲ್ಲಿ ಕಾನೂನಿನ ಪಾಠ ಬಂತು. ಬೋರ್ಡಿನ ಮೇಲೆ ಟೀಚರ್ ಬರೆದ ಒಂದು ಪದವನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿ, ಮನೆಗೆ ಬಂದು ಆ ಕಾಗದ ಹುಡುಕಿ ತೆಗೆದೆ. ನಾನು ಸಹಿ ಹಾಕಿದ್ದು ಅಪರಾಧ ಒಪ್ಪಿಕೊಳ್ಳುತ್ತೇನೆ ಎಂಬ ಸಾಲಿನ ಕೆಳಗೆ. ಲೈಸೆನ್ಸಿಲ್ಲದೆ ಕಾರು ಓಡಿಸುವುದು ಇಲ್ಲಿ ಅಪರಾಧ. ಅದು ಪೊಲೀಸರ ಪಟ್ಟಿಯಲ್ಲಿ ಐದು ವರ್ಷ ಇರುತ್ತದೆ.

ಈ ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಮುಖ್ಯವಾಗಿ ಅತ್ತೆಗೆ ಗೊತ್ತಾಗಬಾರದು ಅಂತ ಗಂಡನಿಂದ ಆಣೆ ಹಾಕಿಸಿಕೊಂಡಿದ್ದೆ. ನನ್ನ ಅತ್ತೆ ಮೂವತ್ತನಾಲ್ಕು ವರ್ಷ ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಆಫೀಸಿನ ಪೆನ್ನಿನಲ್ಲಿ ಮನೆಯ ಸಾಮಾನು ಚೀಟಿ ಬರೆದವರಲ್ಲ. ಅಂಥವರ ಮನೆಗೆ ಪೊಲೀಸ್ ಕೇಸಿನ ಸೊಸೆ.

ನನ್ನ ಅದೃಷ್ಟಕ್ಕೆ ಆ ಅಕ್ಟೋಬರಿನಲ್ಲೇ ಅತ್ತೆ ಮೂರು ತಿಂಗಳಿಗೆಂದು ನಮ್ಮ ಮನೆಗೆ ಬಂದಿದ್ದರು. ಅವರು ಇದ್ದಾಗ ಮನೆಯಲ್ಲಿ ಎರಡು ಬದಲಾವಣೆಗಳಾಗುತ್ತವೆ. ಉಳಿದ ದಿನ ಗಂಡನನ್ನು ಹೋಗೋ ಬಾರೋ ಎನ್ನುವ ನಾನು ರೀ ಅನ್ನಲು ಶುರುಮಾಡುತ್ತೇನೆ. ಎರಡನೆಯದು, ಬಾಗಿಲ ಸೀಳಿನಿಂದ ಅಂಚೆ ಒಳಗೆ ಬಿದ್ದ ಸದ್ದಾದರೆ ನನಗಿಂತ ಮೊದಲು ಅವರು ಎದ್ದು ಹೋಗುತ್ತಾರೆ. ಒಡೆಯುವುದಿಲ್ಲ, ಓದುವುದಿಲ್ಲ. ಗಾತ್ರದ ಪ್ರಕಾರ ಜೋಡಿಸಿ, ವಿಳಾಸ ಮೇಲಕ್ಕೆ ಬರುವಂತೆ ಮೇಜಿನ ಮೇಲೆ ಇಡುತ್ತಾರೆ. ಹಳೆಯ ಅಭ್ಯಾಸ.

ಪೊಲೀಸರ ಲಕೋಟೆಯೂ ಹಾಗೇ ಮೇಜಿನ ಮೇಲೆ ಬಂದು ಕೂತಿತು.

"ಇದು ಗೌರ್ಮೆಂಟ್ ಕವರ್ ಅನ್ಸತ್ತೆ ಕಣಮ್ಮ. ಅರ್ಜೆಂಟ್ ಇರ್ಬೋದು, ನೋಡು," ಎಂದರು ಅತ್ತೆ.

"ಏನಿಲ್ಲ ಅತ್ತೆ, ಆಫೀಸಿಗೆ ಕೊಡಬೇಕು ಅಷ್ಟೆ."

ಹೌದಾ ಎಂದರು. ಆ ಹೌದಾದಲ್ಲಿ ಏನೋ ಇತ್ತು ಅನಿಸಿತು. ಆವತ್ತು ಸಂಜೆ ಗಂಡ ಆಫೀಸಿನಿಂದ ಬಂದವನೇ, "ಲೆಟರ್ ಬಂತಂತಲ್ಲ?" ಅಂದ. ಯಾರು ಹೇಳಿದರು? ಅಮ್ಮ. ಅಮ್ಮ ಯಾಕೆ ಹೇಳಿದರು? ಇಬ್ಬರೂ ನನ್ನ ಬೆನ್ನ ಹಿಂದೆ ಏನೇನು ಮಾತಾಡಿಕೊಂಡಿದ್ದಾರೆ? ಅವನನ್ನು ಬಾತ್‌ರೂಮಿಗೆ ಎಳೆದುಕೊಂಡು ಹೋಗಿ ಪಿಸುಮಾತಿನಲ್ಲಿ ವಿಚಾರಿಸಿದೆ. ಅಮ್ಮನಿಗೆ ಏನೂ ಹೇಳಿಲ್ಲ ಎಂದು ಅವನು ಆಣೆ ಪ್ರಮಾಣ ಮಾಡಿದ. ಬಹಳ ಬೇಗ ಮಾಡಿದ. ಅದೂ ನನಗೆ ಹಿಡಿಸಲಿಲ್ಲ.

ಲಕೋಟೆ ನಾಲ್ಕು ದಿನ ನನ್ನ ಕೈಚೀಲದಲ್ಲಿ ಓಡಾಡಿತು. ದೀಪಕ್ಕೆ ಹಿಡಿದು ನೋಡಿದೆ. ಒಳಗಡೆ ಬೂದು ಬಣ್ಣದ ಗೆರೆಗಳು, ಏನೂ ಕಾಣುವುದಿಲ್ಲ. ಬೆರಳಿಂದ ಒತ್ತಿ ಎಷ್ಟು ಹಾಳೆ ಇರಬಹುದು ಅಂತ ಅಂದಾಜು ಮಾಡಿದೆ. ಒಂದೇ ಹಾಳೆಯಾದರೆ ಏನೂ ಇಲ್ಲ, ಎರಡಿದ್ದರೆ ಕೇಸಿನ ವಿವರ ಇದೆ ಅಂತ ನನಗೆ ನಾನೇ ಒಂದು ಶಾಸ್ತ್ರ ಕಟ್ಟಿಕೊಂಡೆ. ಒಂದು ಸಲ ಒತ್ತಿದರೆ ಒಂದು ಅನಿಸುತ್ತಿತ್ತು, ಇನ್ನೊಂದು ಸಲ ಎರಡು. ಕೆಲಸದಲ್ಲಿ ಬಾಸ್ ಕಾರಿಡಾರಿನಲ್ಲಿ ನಕ್ಕರೆ, ಇವಳಿಗೆ ಆಗಲೇ ಗೊತ್ತಾಗಿದೆಯಾ ಅನಿಸುತ್ತಿತ್ತು. ನಗದೆ ಹೋದರೆ, ಖಂಡಿತ ಗೊತ್ತಾಗಿದೆ ಅನಿಸುತ್ತಿತ್ತು. ಊಟದ ಕೋಣೆಯಲ್ಲಿ ಇಬ್ಬರು ಸಹೋದ್ಯೋಗಿಗಳು ನಾನು ಒಳಗೆ ಹೋದ ಕೂಡಲೇ ಮಾತು ನಿಲ್ಲಿಸಿದರು. ಅವರು ಯಾರದೋ ಹುಟ್ಟುಹಬ್ಬಕ್ಕೆ ಕೇಕ್ ತರಿಸುವ ಮಾತಾಡುತ್ತಿದ್ದರಂತೆ. ಹುಟ್ಟುಹಬ್ಬ ನನ್ನದೇ ಅಂತ ಎರಡು ದಿನ ಬಿಟ್ಟು ಗೊತ್ತಾಯಿತು.

ನೇರವಾಗಿ ಹೋಗಿ ಹೇಳಿಬಿಡಬಹುದಿತ್ತು. ಹೀಗೆ ಕಾರು ಓಡಿಸಿದೆ, ಹೀಗೆ ಸಿಕ್ಕಿಬಿದ್ದೆ ಅಂತ. ಆದರೆ ನನ್ನ ತಲೆಯಲ್ಲಿ ಬೆಂಗಳೂರಿನ ನಮ್ಮ ಆಸ್ಪತ್ರೆಯ ಮೇಟ್ರನ್ ಕೂತಿದ್ದರು. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದವಳನ್ನು ಅವರು ವಾರ್ಡಿನ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಔಷಧಿ ಬೀರುವಿನ ಕೀಲಿ ಇಟ್ಟುಕೊಳ್ಳುವ ಕೆಲಸ ನಮ್ಮದು. ಕೀಲಿ ಕೊಡುವ ಮೊದಲು ಯಾರಾದರೂ ಕೈ ಶುದ್ಧವೇ ಎಂದು ನೋಡಿಯೇ ನೋಡುತ್ತಾರೆ. ಆ ಜಾಗದಲ್ಲಿ ನಾನಿದ್ದರೂ ನೋಡುತ್ತಿದ್ದೆ.

ಐದನೆಯ ದಿನ ಬೆಳಿಗ್ಗೆ ಇಡ್ಲಿಗೆ ಇಟ್ಟಿದ್ದೆ. ಗಂಡ ಆಫೀಸಿಗೆ ಹೋಗಿಯಾಗಿತ್ತು, ಅತ್ತೆ ಸ್ನಾನಕ್ಕೆ ಹೋಗಿದ್ದರು. ಇಡ್ಲಿ ಪಾತ್ರೆಯ ಮುಚ್ಚಳದ ತೂತಿನಿಂದ ಹಬೆ ಸೀದಾ ಮೇಲಕ್ಕೆ ಬರುತ್ತಿತ್ತು. ಯೋಚನೆ ಮಾಡಿ ಮಾಡಿದ ಕೆಲಸ ಅದು ಅಂತ ಹೇಳಲಾರೆ. ಲಕೋಟೆಯ ಬಾಯಿಯನ್ನು ಹಬೆಗೆ ಹಿಡಿದೆ. ಒಂದು ನಿಮಿಷದಲ್ಲಿ ಗೋಂದು ಮೆತ್ತಗಾಗಿ, ಪದರ ತಾನಾಗಿಯೇ ಎದ್ದುಕೊಂಡಿತು.

ಒಳಗೆ ಒಂದೇ ಹಾಳೆ. ಮೂರು ಸಲ ಓದಿದೆ. ನನ್ನ ಹೆಸರು, ನನ್ನ ಗುರುತಿನ ನಂಬರು, ಕೆಳಗೆ ಒಂದು ಸಾಲು: ಈ ಬಗೆಯ ತಪಾಸಣೆಗೆ ಸಂಬಂಧಪಟ್ಟಂತೆ ದಾಖಲೆಯಲ್ಲಿ ಏನೂ ಇಲ್ಲ.

ಮೊದಲು ನಂಬಲಿಲ್ಲ. ತಪ್ಪಾಗಿ ಬೇರೆ ಯಾರದೋ ಕಾಗದ ಬಂದಿದೆ ಅನಿಸಿತು. ಅಲ್ಲೇ ನಿಂತು ಫೋನಿನಲ್ಲಿ ಹುಡುಕಿದೆ. ಅವರವರ ತಿಳುವಳಿಕೆಗೆ ತರಿಸಿಕೊಳ್ಳುವ ಕಾಗದದಲ್ಲಿ ಎಲ್ಲವೂ ಇರುತ್ತದಂತೆ. ಬಾಸ್ ಕೊಟ್ಟಿದ್ದ ಫಾರಂ ಬೇರೆಯದು. ಅದರಲ್ಲಿ ಹೊಡೆತ, ಕಳ್ಳತನ, ಮೋಸದಂಥ ದೊಡ್ಡ ಸಂಗತಿಗಳಿದ್ದರೆ ಮಾತ್ರ ಬರೆಯುತ್ತಾರೆ. ನನ್ನ ಕಾರಿನ ಕೇಸಿಗೆ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ನಾನು ಲಕೋಟೆ ಬಂದ ದಿನವೇ ಬಾಸಿನ ಮೇಜಿನ ಮೇಲಿಟ್ಟಿದ್ದರೆ ಅಷ್ಟೊತ್ತಿಗೆ ಕೆಲಸ ನನ್ನದಾಗಿರುತ್ತಿತ್ತು.

ಬಚ್ಚಲಿನಲ್ಲಿ ನೀರು ನಿಂತ ಸದ್ದಾಯಿತು. ಲಕೋಟೆ ಮುಚ್ಚಲು ನೋಡಿದರೆ ಹಳೆಯ ಗೋಂದು ಹಿಡಿಯುತ್ತಿಲ್ಲ. ಮನೆಯಲ್ಲಿ ಬೇರೆ ಗೋಂದು ಇಲ್ಲ. ನಾವು ಚಿಕ್ಕವರಿದ್ದಾಗಲೂ ಮನೆಯಲ್ಲಿ ಗೋಂದು ಇರುತ್ತಿರಲಿಲ್ಲ, ಅನ್ನ ಇರುತ್ತಿತ್ತು. ಅರ್ಜಿಗೆ ಫೋಟೊ, ನೋಟ್‌ಬುಕ್ಕಿಗೆ ಲೇಬಲ್ಲು, ಪೋಸ್ಟ್ ಮಾಡುವ ಕವರು, ಎಲ್ಲವನ್ನೂ ನಮ್ಮಪ್ಪ ಊಟದ ತಟ್ಟೆಯಿಂದ ನಾಲ್ಕು ಅಗುಳು ತೆಗೆದು ಹೆಬ್ಬೆರಳಲ್ಲಿ ತೀಡಿ ಅಂಟಿಸುತ್ತಿದ್ದರು. ನಾನೂ ಫ್ರಿಜ್ಜಿನಿಂದ ಹಿಂದಿನ ದಿನದ ಅನ್ನ ತೆಗೆದೆ. ತಣ್ಣಗೆ ಗಟ್ಟಿಯಾಗಿದ್ದ ಅಗುಳುಗಳನ್ನು ಗಡಿಬಿಡಿಯಲ್ಲಿ ತೀಡಿ, ಪದರದ ಉದ್ದಕ್ಕೂ ಹಚ್ಚಿ, ಒತ್ತಿ, ಲಕೋಟೆಯನ್ನು ತಟ್ಟೆಯೊಂದರ ಕೆಳಗೆ ತೂರಿಸಿದೆ.

ಅತ್ತೆ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಅಡುಗೆಮನೆಗೆ ಬಂದರು.

"ಇಡ್ಲಿ ಆಯ್ತೇನಮ್ಮ?"

"ಆಯ್ತು ಅತ್ತೆ. ಎರಡು ನಿಮಿಷ."

ಅವರ ಕಣ್ಣು ಇಡ್ಲಿ ಪಾತ್ರೆಯಿಂದ ಅನ್ನದ ಡಬ್ಬಿಗೆ, ಅಲ್ಲಿಂದ ತಟ್ಟೆಗೆ ಹೋಯಿತು. ತಟ್ಟೆಯ ಅಂಚಿನಿಂದ ಲಕೋಟೆಯ ಬಿಳಿ ಮೂಲೆ ಕಾಣುತ್ತಿತ್ತು. ಚಟ್ನಿಗೆ ಒಗ್ಗರಣೆ ಹಾಕಿದ್ದೀಯಾ ಎಂದು ಕೇಳಿ, ದೇವರಿಗೆ ದೀಪ ಹಚ್ಚಲು ಹೋದರು. ಅವರು ನೋಡಿದರು ಎಂದು ನನಗೆ ಖಾತ್ರಿಯಾಯಿತು. ಅವತ್ತಿನಿಂದ ಅವರು ಮಗನ ಜೊತೆ ಸಣ್ಣಗೆ ಮಾತಾಡಿದರೂ ನನ್ನ ಕಿವಿ ನೆಟ್ಟಗಾಗುತ್ತಿತ್ತು.

ಮಾರನೆಯ ದಿನ ಲಕೋಟೆಯನ್ನು ಬಾಸಿಗೆ ಕೊಟ್ಟೆ. ಒಳಗಿನ ಹಾಳೆ ಚೊಕ್ಕಟವಾಗಿದೆ ಎಂದು ಗೊತ್ತಿದ್ದರಿಂದ ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ಕುರ್ಚಿಯ ಮೇಲೆ ಕೂತಿದ್ದೆ. ಅವಳು ನಗುತ್ತಲೇ ಲಕೋಟೆ ತಿರುಗಿಸಿದಳು. ಬಾಯಿಯ ಮೇಲೆ ಬೆರಳು ಎಳೆದಳು. ಬೆರಳು ಒಂದು ಕಡೆ ನಿಂತಿತು. ಹಿಂದಕ್ಕೆ ಬಂದು ಮತ್ತೆ ಅಲ್ಲೇ ನಿಂತಿತು. ಸರಿಯಾಗಿ ತೀಡದ ಒಂದು ಅಗುಳು ಒಣಗಿ ಕಲ್ಲಿನಂತೆ ಎದ್ದು ನಿಂತಿತ್ತು. ಅವಳು ಪದರ ಎಬ್ಬಿಸಿ, ಅದನ್ನು ಉಗುರಿನಿಂದ ಕಿತ್ತು, ಕನ್ನಡಕ ಮೇಲಕ್ಕೇರಿಸಿ ನೋಡಿದಳು.

"ಇದು ಅನ್ನ ಅಲ್ಲವೇ?"

ಅವಳು ಹಾಳೆ ತೆಗೆದು ಓದಿದಳು. ನಗು ಹೋಗಿತ್ತು.

"ಇದರಲ್ಲಿ ಏನೂ ಇಲ್ಲ," ಎಂದಳು. "ಏನೂ ಇಲ್ಲದ ಲಕೋಟೆಯನ್ನು ಯಾಕೆ ಒಡೆದೆ?"

ಆ ಪ್ರಶ್ನೆಗೆ ಒಂದೇ ಒಂದು ನಿಜವಾದ ಉತ್ತರವಿತ್ತು. ಆ ಉತ್ತರ ಹೇಳಬೇಕಾದರೆ ಹಾಳೆಯಲ್ಲಿ ಇಲ್ಲದ ಕೇಸನ್ನು, ಅವಳಿಗೆ ಗೊತ್ತಾಗುವ ಅಗತ್ಯವೇ ಇಲ್ಲದ ಕೇಸನ್ನು ನಾನೇ ತೆಗೆದು ಮೇಜಿನ ಮೇಲೆ ಇಡಬೇಕಿತ್ತು. ಹೇಳದಿದ್ದರೆ ಲಕೋಟೆ ಕದ್ದು ಒಡೆಯುವವಳಾಗುತ್ತೇನೆ. ಕೆಲಸ ಎರಡು ಕಡೆಯಿಂದಲೂ ಕೈಜಾರುತ್ತಿತ್ತು. ಮತ್ತೆ ಬೆಳಿಗ್ಗೆ ಆರರ ಫೋನು, ಖಾಲಿ ವಾರಗಳು.

"ನಾನು ಒಡೆಯಲಿಲ್ಲ," ಎಂದೆ. "ನನ್ನ ಅತ್ತೆ ಇಂಡಿಯಾದಿಂದ ಬಂದಿದ್ದಾರೆ. ನಮ್ಮಲ್ಲಿ ಮನೆಗೆ ಬಂದ ಕಾಗದವನ್ನು ಹಿರಿಯರು ಒಡೆದು ನೋಡುತ್ತಾರೆ. ಅವರಿಗೆ ಇಲ್ಲಿನ ನಿಯಮ ಗೊತ್ತಿಲ್ಲ. ಆಮೇಲೆ ಹೆದರಿಕೊಂಡು ಅನ್ನದಿಂದ ಅಂಟಿಸಿದ್ದಾರೆ."

ಎಷ್ಟು ಸಲೀಸಾಗಿ ಬಂತು ಆ ಸ್ವೀಡಿಷ್! ಪರೀಕ್ಷೆಯಲ್ಲಿ ಒಂದು ವಾಕ್ಯಕ್ಕೆ ತಡವರಿಸುವವಳು, ಒಂದು ವ್ಯಾಕರಣ ತಪ್ಪಿಲ್ಲದೆ ಸುಳ್ಳು ಹೇಳಿದೆ. ಬಾಸಿನ ಮುಖ ಸಡಿಲವಾಯಿತು. ಜೋರಾಗಿ ನಕ್ಕಳು. ತನ್ನ ಅಜ್ಜಿಯೂ ಹೀಗೇ ಇದ್ದಳು, ಊರಿನವರ ಪೋಸ್ಟ್ ಕಾರ್ಡೆಲ್ಲ ಓದುತ್ತಿದ್ದಳು ಎಂದಳು. ಆದರೂ ನಿಯಮ ನಿಯಮವೇ, ಇನ್ನೊಂದು ತರಿಸು, ಬಂದ ಕೂಡಲೇ ಅತ್ತೆಯ ಕೈಗೆ ಸಿಗದಂತೆ ಇಡು ಎಂದಳು.

ಎರಡನೆಯ ಲಕೋಟೆ ಬಂತು. ಅತ್ತೆಯೇ ಎತ್ತಿ, ವಿಳಾಸ ಮೇಲಕ್ಕೆ ಬರುವಂತೆ ಮೇಜಿನ ಮೇಲಿಟ್ಟರು. ಮತ್ತೆ ಅದೇ ಕವರ್ ಬಂದಿದೆಯಲ್ಲ ಎಂದು ಮಾತ್ರ ಹೇಳಿದರು. ಅದನ್ನು ಹಾಗೇ ಕೊಂಡುಹೋಗಿ ಕೊಟ್ಟೆ. ನವೆಂಬರ್ ಕೊನೆಗೆ ಕೆಲಸ ಕಾಯಂ ಆಯಿತು. ಗಂಡ ಮೈಸೂರು ಪಾಕ್ ಮಾಡಿಸಿದ, ಮಾಡಿದವರು ಅತ್ತೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಡಿಸೆಂಬರಿನಲ್ಲಿ ನಮ್ಮ ವೃದ್ಧರ ಮನೆಯಲ್ಲಿ ಒಂದು ಫಿಕಾ ಇಟ್ಟುಕೊಳ್ಳುತ್ತಾರೆ. ಕಾಫಿ, ಕೇಸರಿ ಹಾಕಿದ ಬನ್ನು, ಹರಟೆ. ಕೆಲಸದವರು ಮನೆಯವರನ್ನೂ ಕರೆತರಬಹುದು. ಬಾಸ್ ನನ್ನನ್ನು ತಡೆದು ನಿಲ್ಲಿಸಿ, "ನಿನ್ನ ಅತ್ತೆಯನ್ನು ಕರೆದುಕೊಂಡೇ ಬರಬೇಕು. ನಾನು ನೋಡಲೇಬೇಕು," ಎಂದಳು. ಅವರಿಗೆ ಚಳಿ ಆಗಿಬರುವುದಿಲ್ಲ, ಮಂಡಿ ನೋವು, ಭಾಷೆ ಬರುವುದಿಲ್ಲ ಎಂದೆಲ್ಲ ಹೇಳಿದೆ. ಅವಳು ಗಂಡನ ಫೋನಿಗೇ ಆಮಂತ್ರಣ ಕಳಿಸಿದಳು. ಅವನು ಅಮ್ಮನಿಗೆ ಓದಿ ಹೇಳಿದ. ಅತ್ತೆ ಅದೇ ಸಂಜೆ ಯಾವ ಸೀರೆ ಉಡಬೇಕೆಂದು ಯೋಚಿಸತೊಡಗಿದರು.

ನಾನು ಅವರಿಗೆ ಏನೂ ಹೇಳಲಿಲ್ಲ. ನಿಮ್ಮ ಹೆಸರಲ್ಲಿ ಹೀಗೊಂದು ಸುಳ್ಳು ಹೇಳಿದ್ದೇನೆ ಎಂದು ಅವರಿಗೆ ಹೇಳುವ ಬಾಯಿ ನನಗಿರಲಿಲ್ಲ. ಬಾಸ್ ಏನಾದರೂ ಕೇಳಿದರೆ ನಾನೇ ಮಧ್ಯೆ ನಿಂತು ಕನ್ನಡಕ್ಕೆ ತಿರುಗಿಸುವಾಗ ತಿರುಚಿಬಿಡೋಣ ಅಂದುಕೊಂಡೆ. ಅತ್ತೆಗೆ ಇಂಗ್ಲಿಷ್ ಬರುತ್ತದೆ ಎನ್ನುವುದನ್ನೇ ಮರೆತಿದ್ದೆ. ಕೌಂಟರಿನ ಹಿಂದೆ ಕೂತು ಮೂವತ್ತನಾಲ್ಕು ವರ್ಷ ದೇಶ ವಿದೇಶದ ಪಾರ್ಸೆಲ್ ಸ್ವೀಕರಿಸಿದವರು ಅವರು.

ಅತ್ತೆ ಹಸಿರು ರೇಷ್ಮೆ ಸೀರೆಯ ಮೇಲೆ ನನ್ನ ದಪ್ಪ ಕೋಟು ಹಾಕಿಕೊಂಡು ಬಂದರು. ಮುದುಕಿಯರು ಸೀರೆಯ ಅಂಚು ಮುಟ್ಟಿ ಮುಟ್ಟಿ ನೋಡಿದರು. ನಾನು ಅತ್ತೆಯ ಪಕ್ಕ ಬಿಟ್ಟು ಕದಲಲಿಲ್ಲ. ಯಾರೋ ಒಬ್ಬರಿಗೆ ಕಾಫಿ ಚೆಲ್ಲಿತು, ಒರೆಸಲು ಹೋದೆ. ಅರ್ಧ ನಿಮಿಷ. ಬಟ್ಟೆ ಕೈಯಲ್ಲಿ ಹಿಡಿದು ತಿರುಗಿದರೆ ಬಾಸ್ ಅತ್ತೆಯ ಎದುರು ನಿಂತು, ಬೆರಳು ಆಡಿಸುತ್ತ, ನಗುತ್ತ, ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು:

"ಹಾಗಾದರೆ ನನ್ನ ಲಕೋಟೆ ಒಡೆದವರು ನೀವೇ! ಆಮೇಲೆ ಅನ್ನ ಹಚ್ಚಿ ಅಂಟಿಸಿದಿರಿ!"

ಸುತ್ತ ಇದ್ದ ನಾಲ್ಕಾರು ಜನ ನಕ್ಕರು. ಆ ಕಥೆ ಎಲ್ಲರಿಗೂ ಗೊತ್ತಿತ್ತು ಎಂದು ನನಗೆ ಆಗ ಗೊತ್ತಾಯಿತು.

ಅತ್ತೆ ನಗಲಿಲ್ಲ. ಬಾಸಿನ ಹೆಗಲ ಮೇಲಿನಿಂದ ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಏನು ಓದಿದರೋ. ಇವರು ಈಗ ಹೇಳಿಬಿಡುತ್ತಾರೆ ಎಂದುಕೊಂಡೆ. ಹೇಳಬೇಕಾದದ್ದೇ ನ್ಯಾಯ ಎಂದೂ ಅನಿಸಿತು. ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೆಲದ ಮೇಲೆ ಕಾಫಿ ತೊಟ್ಟಿಕ್ಕುತ್ತಿತ್ತು.

"ಯೆಸ್," ಎಂದರು ಅತ್ತೆ. "ಇಟ್ ವಾಸ್ ಮೈ ಮಿಸ್ಟೇಕ್. ಐ ಆಮ್ ಸಾರಿ, ಮೇಡಂ."

ಬಾಸ್ ಅವರನ್ನು ತಬ್ಬಿಕೊಂಡು, ಇನ್ನೊಂದು ಬನ್ನು ತಂದುಕೊಟ್ಟಳು. ಅತ್ತೆ ಅದನ್ನು ಕೊನೆಯವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿ ಕಡೆ ಕೂತರು. ಸರೋವರದ ಕಡೆಯಿಂದ ಬೆಳಕು ಬರುತ್ತಿತ್ತು. ಎರಡು ಸ್ಟಾಪ್ ದಾಟಿದವು.

"ಅತ್ತೆ, ಅದು..."

"ಸರ್ವಿಸ್‌ನಲ್ಲಿ ನನ್ನ ಮೇಲೆ ಒಂದು ಮೆಮೊ ಇಲ್ಲಮ್ಮ," ಎಂದರು, ಕಿಟಕಿಯಿಂದ ಮುಖ ತಿರುಗಿಸದೆ. "ಎಷ್ಟೋ ಜನ ಬಂದು ಕೇಳೋರು. ನನ್ನ ಗಂಡನ ಲೆಟರ್ ಒಂಚೂರು ನೋಡ್ಬಿಡಿ ಮೇಡಂ, ನನ್ನ ಮಗಳಿಗೆ ಯಾರು ಬರೀತಾರೆ ನೋಡ್ಬಿಡಿ ಅಂತ. ಒಂದು ಕವರ್ ಮುಟ್ಟಿಲ್ಲ ನಾನು."

ನಾನು ತಲೆ ತಗ್ಗಿಸಿದೆ. ಆಮೇಲೆ ಅವರೇ ಕೇಳಿದರು:

"ಅಷ್ಟಕ್ಕೂ ಏನಿತ್ತು ಅದ್ರಲ್ಲಿ?"

"ಏನೂ ಇರಲಿಲ್ಲ ಅತ್ತೆ."

"ಏನೂ ಇಲ್ದೆ ಯಾಕೆ ಒಡೆದೆ?"

ಬಾಸ್ ಕೇಳಿದ್ದೂ ಇದನ್ನೇ. ಈ ಸಲ ಹೇಳಿದೆ. ಹೋಳಿಗೆ, ಕಾರು, ಪಾಸ್‌ಪೋರ್ಟಿನ ಸೀಲು, ಓದದೆ ಹಾಕಿದ ಸಹಿ, ಎಲ್ಲ. ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಶ್ಚರ್ಯ ಪಡಲಿಲ್ಲ.

"ಅದು ನಂಗೆ ಗೊತ್ತು ಕಣೆ. ಪೊಲೀಸ್ರು ಹಿಡಿದ ದಿನ ರಾತ್ರೀನೇ ಅವನು ಫೋನ್ ಮಾಡಿ ಹೇಳ್ದ. ತುಂಬ ಹೆದ್ರಿದಾಳೆ ಅಮ್ಮ, ನೀನು ಕೇಳೋಕೆ ಹೋಗ್ಬೇಡ ಅಂದ. ಅದಕ್ಕೆ ನಾನು ಕೇಳ್ಲಿಲ್ಲ."

ಎರಡು ವರ್ಷಕ್ಕೆ ಹತ್ತಿರ. ಅಷ್ಟು ದಿನ ಅವರಿಗೆ ಗೊತ್ತಿತ್ತು. ಅವರ ಪ್ರತಿಯೊಂದು ಹೌದಾದ ಹಿಂದೆ ಏನಿದೆ ಎಂದು ನಾನು ಅಗೆದು ಅಗೆದು ನೋಡುತ್ತಿದ್ದೆನಲ್ಲ, ಅದರ ಹಿಂದೆ ಇದ್ದದ್ದು ಇಷ್ಟೇ: ನನಗೆ ನೋವಾಗದಿರಲಿ ಎಂಬುದು. ನನ್ನ ಅನುಮಾನ ಸರಿಯಾಗಿತ್ತು, ಗಂಡ ಹೇಳಿದ್ದ, ಅವರಿಬ್ಬರೂ ಮಾತಾಡಿಕೊಂಡಿದ್ದರು. ಇಷ್ಟು ಸರಿಯಾಗಿ ಅನುಮಾನಪಟ್ಟು ಇಷ್ಟು ತಪ್ಪಾಗಿ ತಿಳಿದುಕೊಳ್ಳಬಹುದು ಎಂದು ನನಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಅತ್ತುಬಿಟ್ಟೆ. ಅತ್ತೆ ಕೋಟಿನ ಜೇಬಿನಿಂದ ಪೇಪರ್ ನ್ಯಾಪ್‌ಕಿನ್‌ನಲ್ಲಿ ಸುತ್ತಿದ್ದ ಆ ಬನ್ನನ್ನು ತೆಗೆದು, ನ್ಯಾಪ್‌ಕಿನ್ ನನಗೆ ಕೊಟ್ಟು, ಬನ್ನನ್ನು ಕೈಯಲ್ಲಿ ಇಟ್ಟುಕೊಂಡರು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಈಗ ಅದೇ ವೃದ್ಧರ ಮನೆಯಲ್ಲಿ ನಾನು ನರ್ಸ್. ಔಷಧಿ ಬೀರುವಿನ ಕೀಲಿ ನನ್ನ ಜೇಬಿನಲ್ಲಿರುತ್ತದೆ. ಕಾರಿನ ಕೇಸು ಅದರ ಅವಧಿ ಮುಗಿದು ಪೊಲೀಸರ ಪಟ್ಟಿಯಿಂದ ಅಳಿಸಿಹೋಯಿತು. ಎಲ್ಲವೂ ಇರುವ ಆ ಇನ್ನೊಂದು ಕಾಗದವನ್ನು ನಾನೇ ತರಿಸಿಕೊಂಡು, ಚಾಕುವಿನಿಂದ ನೇರವಾಗಿ ಒಡೆದು ನೋಡಿದೆ. ಖಾಲಿ.

ಅತ್ತೆಯ ಹೆಸರಿನ ಮೇಲೆ ಬಿದ್ದದ್ದು ಅಳಿಸಿಲ್ಲ. ಪ್ರತಿ ಡಿಸೆಂಬರಿನ ಫಿಕಾದಲ್ಲಿ ಹೊಸದಾಗಿ ಸೇರಿದವರಿಗೆ ಬಾಸ್ ಆ ಕಥೆಯನ್ನು ಹೇಳುತ್ತಾಳೆ. ಇಂಡಿಯಾದ ಅತ್ತೆ, ಹಸಿರು ರೇಷ್ಮೆ ಸೀರೆ, ಲಕೋಟೆಗೆ ಮೆತ್ತಿದ ಅನ್ನ. ಬಹಳ ಚೆನ್ನಾಗಿ ಹೇಳುತ್ತಾಳೆ. ಕೊನೆಗೆ ನನ್ನ ಕಡೆ ತಿರುಗಿ, "ಹೇಗಿದ್ದಾರೆ ಅವರು? ಈಗಲೂ ಬೇರೆಯವರ ಕಾಗದ ಒಡೆಯುತ್ತಾರಾ?" ಎಂದು ಕೇಳುತ್ತಾಳೆ. ಅದು ನಾನು ಎಂದು ಹೇಳಲು ಪ್ರತಿ ವರ್ಷವೂ ಅವಕಾಶ ಸಿಗುತ್ತದೆ. ಕೆಲಸ ಹೋಗುವ ಭಯ ಈಗಿಲ್ಲ. ಆದರೂ ಎಲ್ಲರೂ ನಗುವಾಗ ನಾನೂ ನಗುತ್ತೇನೆ, ನಗುವಾಗ ನನಗೆ ನಾಚಿಕೆಯಾಗುತ್ತದೆ. ಇವತ್ತು ನಿಜ ಬರೆದೆನಲ್ಲ ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ, ಅದನ್ನೂ ಬಾಸಿಗೆ ಓದಲು ಬಾರದ ಭಾಷೆಯಲ್ಲೇ ಬರೆದಿದ್ದೇನೆ.